ಪಟ್ಟವಿಲ್ಲದೆ ದಾರಿ ತೋರಿದ ನಿಮಗೆ

ಹೆಸರು ಬೇಡವೆಂದ ವೈಟ್‌ಫೀಲ್ಡ್‌ನ ಸಹೋದ್ಯೋಗಿಗೆ ಮನಃಪೂರ್ವಕ ಧನ್ಯವಾದ. ಲೀಡ್, ಮ್ಯಾನೇಜರ್ ಎಂಬ ಯಾವ ಪಟ್ಟವೂ ಇಲ್ಲದೆ ಮೂರು ತಂಡಗಳನ್ನು ಒಂದೇ ರಿಲೀಸ್ ಪದ್ಧತಿಗೆ, ಅಂದರೆ ಸಾಫ್ಟ್‌ವೇರ್ ಹೊರಬಿಡುವ ಒಂದೇ ಕ್ರಮಕ್ಕೆ ತಂದಿರಿ.

ನಿಮ್ಮ ದಾರಿ ಹೀಗಿತ್ತು. ಮೀಟಿಂಗ್‌ಗೆ 2 ದಿನ ಮೊದಲೇ ಒಂದು ಪುಟದ ಟಿಪ್ಪಣಿ: ಸಮಸ್ಯೆ, 2 ಆಯ್ಕೆ, ಅವುಗಳ ಖರ್ಚು. ಆಮೇಲೆ ಒಪ್ಪದವರ ಬಳಿಗೇ ಮೊದಲು ಹೋಗಿ 15 ನಿಮಿಷ ಕಾಫಿ. ‘ಇದರಲ್ಲಿ ಏನು ಕೆಡಬಹುದು?’ ಎಂದು ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಟಿಪ್ಪಣಿಗೆ ಸೇರಿಸುವುದು. ಇದೇ ಜೀವಾಳ. ಏಕೆಂದರೆ ಎಲ್ಲರೆದುರು ಒಮ್ಮೆ ಬೇಡವೆಂದವರು ಮಾತು ಹಿಂತೆಗೆಯಲು ಹಿಂಜರಿಯುತ್ತಾರೆ. ‘ಮೇಲಿನವರು ಹೇಳಿದ್ದಾರೆ’ ಎಂದರೆ ಕೆಲಸ ಒಂದು ಸಲ ಆದೀತು, ಎರಡನೇ ಸಲಕ್ಕೆ ಫೋನ್ ಎತ್ತುವವರಿಲ್ಲ. ಬದಲಾವಣೆಯನ್ನು ಒಂದೇ ತಂಡದಲ್ಲಿ 2 ವಾರ ನಡೆಸಿದಿರಿ, ಹಳೆಯದಕ್ಕೆ ಮರಳುವ ಹಂತಗಳನ್ನೂ ಬರೆದಿಟ್ಟಿರಿ. ಫಲ ಬಂದಾಗ ಮೇಲ್‌ನಲ್ಲಿ ಟೆಸ್ಟಿಂಗ್‌ನವರ ಹೆಸರೇ ಮೊದಲು.

ಹೊಸಬರ ಕೈಗೆ ಈಗ ನಿಮ್ಮ ಆ ಟಿಪ್ಪಣಿಯನ್ನೇ ಕೊಡುತ್ತಿದ್ದೇವೆ.