ತಾಯಿ ಕಾರ್ಡಿನಲ್ಲಿ ಖಾಲಿ ಉಳಿದ ಸಾಲು

ಸಂಪಾದಕರೇ,

ಹೋದ ತಿಂಗಳು ತಂಗಿಯ ಮನೆಯಲ್ಲಿ ಮಗುವಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ಸುಮ್ನೆ ತಿರುವಿ ಹಾಕುತ್ತಿದ್ದೆ. ಹುಟ್ಟಿದಾಗ ಕ್ಷಯಕ್ಕೆಂದು ಹಾಕುವ ಬಿಸಿಜಿ ಇದೆ, ಐದು ರೋಗಕ್ಕೆ ಒಂದೇ ಚುಚ್ಚುಮದ್ದಾದ ಪೆಂಟಾ 6, 10, 14 ವಾರಕ್ಕೆ ಹಾಕಿದ್ದು ಇದೆ, 9 ತಿಂಗಳಿನ ದಡಾರ-ರುಬೆಲ್ಲಾ ಕೂಡ ಇದೆ. ಅಲ್ಲಿಂದ ಮುಂದೆ, ದಡಾರದ ಎರಡನೇ ಡೋಸಿನ ಸಾಲೂ ಸೇರಿ, ಖಾಲಿ. ಮಗುವಿಗೆ 2 ವರ್ಷ ದಾಟಿದೆ! ಕೇಳಿದರೆ, "ವರ್ಷದೊಳಗೆ ಎಲ್ಲಾ ಮುಗೀತಲ್ಲಣ್ಣ" ಅಂದಳು. ಓದಿದವಳು, ಲಸಿಕೆ ಬೇಡ ಅನ್ನುವವಳೂ ಅಲ್ಲ.

ವಾಟ್ಸಾಪ್ ವದಂತಿಗಳ ಬಗ್ಗೆ ನಾವು ಜಾಸ್ತಿ ಮಾತಾಡುತ್ತೇವೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದಿನ ಅಭಿಯಾನ ಶುರುವಾದಾಗ ಎಂಥೆಂಥ ಮೆಸೇಜು ಓಡಾಡಿದವು ನೆನಪಿದೆ ಅಲ್ವಾ? ಆದರೆ ಹೀಗೆ ಮರೆತು ಬಿಟ್ಟುಹೋಗುವ ಡೋಸಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

9 ತಿಂಗಳಿಗೆ ಹಾಕಿದ ದಡಾರದ ಲಸಿಕೆ ನೂರರಲ್ಲಿ ಸುಮಾರು 85 ಮಕ್ಕಳಿಗಷ್ಟೇ ಹಿಡಿಯುತ್ತದೆ. ತಾಯಿಯಿಂದ ಬಂದ ರಕ್ಷಣೆ ಮಗುವಿನ ಮೈಯಲ್ಲಿ ಇನ್ನೂ ಉಳಿದಿದ್ದರೆ ಅದೇ ಅಡ್ಡ ಬರುತ್ತದೆ. ಯಾರಿಗೆ ಹಿಡಿದಿಲ್ಲ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ 16ರಿಂದ 24 ತಿಂಗಳೊಳಗೆ ಎಲ್ಲರಿಗೂ ಇನ್ನೊಂದು ಸಲ.

ನಮ್ಮಜ್ಜಿ ದಡಾರವನ್ನು ಗೊಬ್ಬರ ಅನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಎಲ್ಲ ಮಕ್ಕಳಿಗೂ ಬರುತ್ತೆ ಹೋಗುತ್ತೆ ಅಂತ ಸುಮ್ಮನಿರುತ್ತಿದ್ದರು. ಬಂದದ್ದೇನೋ ನಿಜ, ಹೋಗುವಾಗ ಕೆಲವು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿತ್ತು. ನ್ಯುಮೋನಿಯಾ, ಮಿದುಳಿನ ಊತ, ಕಣ್ಣು ಹೋಗುವುದು, ಇವೆಲ್ಲ ಅದರ ಬೆನ್ನಿಗೇ ಬರುವಂಥವು. ರೋಗಿ ಕೋಣೆ ಬಿಟ್ಟು ಹೋದ ಮೇಲೂ 2 ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ವೈರಸ್ ಇರಬಲ್ಲದು. ಹಾಗಾಗಿ ಊರಿನಲ್ಲಿ ನೂರಕ್ಕೆ 95 ಜನಕ್ಕಾದರೂ ರಕ್ಷಣೆ ಇಲ್ಲದಿದ್ದರೆ ಇದು ಹರಡುವುದು ನಿಲ್ಲುವುದಿಲ್ಲ, ಇನ್ನೂ 9 ತಿಂಗಳೇ ತುಂಬದ ಪಕ್ಕದ ಮನೆಯ ಕೂಸು ಎಲ್ಲಿಗೆ ಹೋಗಬೇಕು ಹೇಳಿ.

ಎಲ್ಲದಕ್ಕೂ ತಾಯಂದಿರನ್ನೇ ಬೈಯುವುದೂ ಸರಿಯಲ್ಲ. ನಮ್ಮೂರಲ್ಲಿ ಲಸಿಕೆ ಹಾಕುವುದು ಗುರುವಾರ ಬೆಳಿಗ್ಗೆ. ಕೂಲಿಗೆ ಹೋಗುವವಳು ಆ ದಿನದ ಸಂಬಳ ಬಿಟ್ಟು ಬರಬೇಕು. ತಿಂಗಳಿಗೊಂದು ಭಾನುವಾರ ಸಂಜೆ ಅಂಗನವಾಡಿಯಲ್ಲೇ ಹಾಕಿದರೆ ಆಗದೇ? ಡೋಸ್ ಬಿಟ್ಟುಹೋದವರು, ತಡವಾಯಿತು ಅಂತ ಕೈಬಿಡಬೇಡಿ, 5 ವರ್ಷದೊಳಗೆ ದಡಾರದ್ದನ್ನು ಹಾಕಿಸಬಹುದು, ಅದೂ ಪುಕ್ಕಟೆ.

ತಂಗಿ ಮೊನ್ನೆ ಗುರುವಾರ ಹೋಗಿ ಬಂದಳು. ಜೊತೆಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ ಮತ್ತೊಮ್ಮೆ ಹಾಕುವ ಡಿಪಿಟಿ ಬೂಸ್ಟರ್ ಕೂಡ ಇತ್ತು, ರಾತ್ರಿಯೆಲ್ಲ ಜ್ವರ, ಗೋಳಾಟ. ನನಗೂ ಫೋನಿನಲ್ಲಿ ಚೆನ್ನಾಗಿ ಬೈಗುಳ ಬಿತ್ತು. ಬೆಳಿಗ್ಗೆ ಮಗು ಎದ್ದು ದೋಸೆ ಕೇಳಿತಂತೆ.

— ಒಬ್ಬ ಸೋದರಮಾವ, ಹಾಸನ