ಭಾನುವಾರದ ಗುಡ್ಡದ ದಾರಿ: ಬರುವವರು ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಗಾಡಿಗಳಲ್ಲಿ ಗುಡ್ಡ ಹತ್ತುವ ಆಫ್‌ರೋಡ್ ಡ್ರೈವ್. ಬೆಳಿಗ್ಗೆ 6ಕ್ಕೆ ಚಿತ್ರದುರ್ಗ ಬೈಪಾಸಿನ ಮಾಮೂಲಿ ಬಂಕ್ ಹತ್ತಿರ ಸೇರೋಣ. ದಾವಣಗೆರೆಯವರು 5ಕ್ಕೇ ಹೊರಡಿ. ಗಾಳಿಯಂತ್ರದ ಗುಡ್ಡದ ಹಿಂದಿನ ದಾರಿ, ಜಮೀನಿನವರು ಒಪ್ಪಿದ್ದಾರೆ. ಜೋಗಿಮಟ್ಟಿ ಯಾಕಿಲ್ಲ ಅಂತ ಮತ್ತೆ ಕೇಳಬೇಡಿ, ಅದು ವನ್ಯಜೀವಿಧಾಮ ಅಲ್ವಾ.

ಲೋ ರೇಂಜ್ (ನಿಧಾನಕ್ಕೆ ಹೋದರೂ ಹೆಚ್ಚು ಎಳೆತ ಕೊಡುವ ಗೇರ್) ಇರುವ ಫೋರ್ ವೀಲ್ ಡ್ರೈವ್ ಗಾಡಿಗಳು ಮಾತ್ರ. ಉಳಿದವರು ಜೊತೆಗೆ ಕೂತು ಬರಬಹುದು. ಟೋ ಹುಕ್ (ಸಿಕ್ಕಿಬಿದ್ದ ಗಾಡಿ ಎಳೆಯಲು ಹಗ್ಗ ಹಾಕುವ ಕೊಕ್ಕೆ) ಮುಂದೆ, ಹಿಂದೆ ಎರಡೂ ಕಡೆ ಗಟ್ಟಿ ಇರಲಿ. ಬಂಪರಿಗೆ ಹಗ್ಗ ಕಟ್ಟಿ ಎಳೆದರೆ ಬಂಪರ್ ಮಾತ್ರ ಬರುತ್ತದೆ. ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬೇಡಿ, ವಿಡಿಯೋಗೂ ಬೇಡ.

ಗುಡ್ಡದ ಬುಡದಲ್ಲಿ, ಹಿಡಿತ ಸಿಗಲಿ ಅಂತ, ಟೈರ್ ಗಾಳಿ 20 ಪಿಎಸ್‌ಐಗೆ ಇಳಿಸೋಣ. ಮತ್ತೆ ಗಾಳಿ ತುಂಬಲು ಇನ್‌ಫ್ಲೇಟರ್ ಇದ್ದವರು ತನ್ನಿ. ಕೊನೆಯ ಏರು ಪೂರ್ತಿ ಸಡಿಲ ಕಲ್ಲು. ಮುಂದಿನ ಗಾಡಿ ಮೇಲೆ ಮುಟ್ಟುವ ತನಕ ಹಿಂದಿನದು ಕೆಳಗೇ ಇರಬೇಕು. ಅರ್ಧಕ್ಕೆ ನಿಂತರೆ ಅಲ್ಲೇ ತಿರುಗಿಸಲು ಹೋಗಬೇಡಿ, ಅಡ್ಡ ಆದರೆ ಪಲ್ಟಿಯೇ. ರಿವರ್ಸ್‌ನಲ್ಲಿ ನೇರ ಇಳಿಸಿ. ಇಳಿಜಾರಲ್ಲಿ ಲೋ ರೇಂಜ್, ಫಸ್ಟ್ ಗೇರ್, ಕ್ಲಚ್ ಮುಟ್ಟಬೇಡಿ.

ನೀರು, ಬುತ್ತಿ ನಿಮ್ಮದು. ಮಂಡಕ್ಕಿ, ಮೆಣಸಿನಕಾಯಿ ದಾವಣಗೆರೆಯವರ ಪಾಲು!

ಹೆಸರು, ಗಾಡಿ, ಎಷ್ಟು ಜನ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ. ಮಳೆ ಬಂದರೆ ಮುಂದಿನ ವಾರ, ಶನಿವಾರ ಸಂಜೆ ತಿಳಿಸುತ್ತೇನೆ.