ಬೇಸ್ ಕ್ಯಾಂಪಿನ ಮೊದಲ ದಿನಗಳಿಗೆ

ಉಡುಪಿ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಗೋರಕ್ ಶೆಪ್ ದಾಟಿ ಎವರೆಸ್ಟಿನ ಬೇಸ್ ಕ್ಯಾಂಪ್ ತಲುಪಿದ ಸುದ್ದಿಯನ್ನು ನಿನ್ನ ಅಪ್ಪ ಹೇಳಿದ. ಕೆಲಸವಿಲ್ಲದೆ ಕುಳಿತಿರುವುದೇ ಬೇಸರವೆಂದು ನೀನು ಫೋನಿನಲ್ಲಿ ಗೊಣಗಿದೆಯಂತೆ. ಕೆಲಸವಿದೆ, ಅದನ್ನು ನಿನ್ನ ದೇಹ ಮಾಡುತ್ತಿದೆ, ನೀನು ಅಡ್ಡಿ ಬಾರದಿದ್ದರೆ ಸಾಕು. ಈ ಪತ್ರವನ್ನು ನಿನ್ನ ತಂಗಿ ಫೋಟೋ ತೆಗೆದು ಕಳುಹಿಸುತ್ತಾಳೆ, ನಿಧಾನವಾಗಿ ಓದು.

ಮಲ್ಪೆಯ ಕಡಲ ದಡದಲ್ಲಿ ಬೆಳೆದ ಶರೀರ ಈಗ 5,364 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ ಇದ್ದರೂ, ಗಾಳಿಯ ಒತ್ತಡವು ಇಲ್ಲಿಯದರ ಸುಮಾರು ಅರ್ಧಕ್ಕೆ ಇಳಿದಿರುವುದರಿಂದ ಪ್ರತಿ ಉಸಿರಿಗೆ ದಕ್ಕುವುದೂ ಅರ್ಧವೇ. ಆ ಕೊರತೆ ತುಂಬಲು ನೀನು ಹೆಚ್ಚು ಉಸಿರಾಡುತ್ತೀ. ಅದರಿಂದ ರಕ್ತದ ಕ್ಷಾರಗುಣ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡಗಳು ಬೈಕಾರ್ಬನೇಟ್ ಎಂಬ ಕ್ಷಾರವನ್ನು ಮೂತ್ರದೊಂದಿಗೆ ಹೊರಹಾಕುತ್ತವೆ. ಆದ್ದರಿಂದ ರಾತ್ರಿ ಮತ್ತೆ ಮತ್ತೆ ಏಳಬೇಕಾದರೆ ಅದು ಒಳ್ಳೆಯ ಲಕ್ಷಣವೆಂದೇ ತಿಳಿ, ಅದನ್ನು ತಪ್ಪಿಸಲೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಬೇಡ. ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು, ಏದುಸಿರಿನೊಂದಿಗೆ ಎಚ್ಚರವಾಗುವುದೂ ಆ ಎತ್ತರದಲ್ಲಿ ಸಾಮಾನ್ಯ. ಹೆದರಿ ನಿದ್ರೆಮಾತ್ರೆ ನುಂಗಬೇಡ.

ಹಸಿವೆಯಂತೂ ಸತ್ತೇ ಹೋಗಿರುತ್ತದೆ. ನೀರು ಅಲ್ಲಿ ಸುಮಾರು 83 ಡಿಗ್ರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ಅನ್ನ ಸರಿಯಾಗಿ ಬೇಯುವುದಿಲ್ಲ. ಕುಚ್ಚಲಕ್ಕಿ ಗಂಜಿಯ ಆಸೆಯನ್ನು ಊರಿಗೆ ಮರಳುವ ತನಕ ಬಿಟ್ಟುಬಿಡು. ಬಡಿಸಿದ್ದನ್ನು, ದೊಡ್ಡಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿಯನ್ನು ನಂಜಿಕೊಂಡಾದರೂ, ಪೂರ್ತಿ ಉಣ್ಣು. ಏಕಾದಶಿಯ ಉಪವಾಸ ಮಾತ್ರ ಅಲ್ಲಿ ಖಂಡಿತ ಬೇಡ. ಕೃಷ್ಣಮಠದ ಎದುರು ನಿಲ್ಲಿಸಿ ಕೇಳಿದರೂ ವೈದ್ಯನಾಗಿ ನಾನು ಹೇಳುವುದು ಇದನ್ನೇ.

ನಿನ್ನ ಟೆಂಟು ನಿಂತಿರುವುದು ಗಟ್ಟಿ ನೆಲದ ಮೇಲಲ್ಲ, ಖುಂಬು ಹಿಮನದಿಯ ಮೇಲೆ. ಬಿಸಿಲಿಗೆ ಸುತ್ತಲಿನ ಮಂಜುಗಡ್ಡೆ ಕರಗುತ್ತ ಹೋಗಿ, ಟೆಂಟಿನ ನೆರಳಿನಲ್ಲಿರುವ ಭಾಗವಷ್ಟೇ ಉಳಿಯುವುದರಿಂದ, ಕೆಲವೇ ವಾರಗಳಲ್ಲಿ ಅದು ಜಗಲಿಯ ಹಾಗೆ ಎತ್ತರವಾಗಿ, ಅಂಚಿನ ಕಲ್ಲುಗಳು ಜಾರತೊಡಗುತ್ತವೆ. ದಿನವೂ ಬೆಳಿಗ್ಗೆ ಸುತ್ತು ಬಂದು ಸಡಿಲವಾದ ಹಗ್ಗವನ್ನು ಬಿಗಿ, ಕಲ್ಲುಗಳನ್ನು ಸರಿಪಡಿಸು. ಮೊದಲ ದಿನಗಳಿಗೆ ಅಷ್ಟು ವ್ಯಾಯಾಮ ಸಾಕು. ಶೆರ್ಪಾಗಳು ಪೂಜೆ ಮುಗಿಯುವ ತನಕ, ಹಿಮನದಿ ಕಡಿದಾಗಿ ಬಿರಿದು ಇಳಿಯುವ ಐಸ್‌ಫಾಲಿನೊಳಗೆ ಕಾಲಿಡುವುದಿಲ್ಲ. ಜುನಿಪರ್ ಸೊಪ್ಪಿನ ಹೊಗೆಯ ಮುಂದೆ ಬೂಟಿಗೆ ಕಟ್ಟುವ ಮುಳ್ಳಿನ ಕ್ರಾಂಪಾನ್, ಐಸ್‌ಕೊಡಲಿಗಳನ್ನಿಟ್ಟು ನಮಸ್ಕರಿಸುವುದರ ಅರ್ಥವನ್ನು ಆಯುಧಪೂಜೆಯ ಮನೆಯಿಂದ ಹೋದವನಿಗೆ ನಾನು ವಿವರಿಸಬೇಕಾಗಿಲ್ಲ. ಅವರ ದಿನ ನೋಡುವ ಕ್ರಮಕ್ಕೆ ಅವಸರ ಹಚ್ಚಬೇಡ.

ಇನ್ನು ಮುಖ್ಯವಾದದ್ದು. ತಲೆನೋವಿದ್ದರೆ ಮರೆಮಾಚಬೇಡ, ಅದು ಇರುವ ತನಕ ಮೇಲೇರಲೂ ಬೇಡ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರವಾಗಿ ನಡೆಯಲಾಗದೆ ತೂರಾಡಿದರೆ ಮಿದುಳಿಗೇ ಬಾವು ಬಂದಿರಬಹುದು. ಆಕ್ಸಿಮೀಟರಿನ ಸಂಖ್ಯೆಯೊಂದನ್ನೇ ನೆಚ್ಚಿಕೊಳ್ಳಬೇಡ, ತಣ್ಣಗಾದ ಬೆರಳಿಗೆ ಅದು ತಪ್ಪು ತೋರಿಸುತ್ತದೆ. ಆ ಏದುಸಿರಾಗಲಿ ತೂರಾಟವಾಗಲಿ ಕಂಡರೆ ನಾಯಕರಿಗೆ ಕೂಡಲೇ ತಿಳಿಸಿ, ರಾತ್ರಿಯಾಗಿದ್ದರೂ, ಜೊತೆಗೊಬ್ಬರನ್ನು ಕರೆದುಕೊಂಡು ಕೆಳಗಿನ ಪೆರಿಚೆ ಹಳ್ಳಿಯ ಕಡೆಗೆ ಇಳಿ. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯುವ ರೋಗವಲ್ಲ ಅದು. ಹಣ ಕೊಟ್ಟವರಿಗೆ ಏನು ಹೇಳುವುದೆಂಬ ಚಿಂತೆ ನಿನಗೆ ಬೇಡ, ಅವರೊಡನೆ ನಾನೂ ನಿನ್ನ ಅಪ್ಪನೂ ಮಾತನಾಡುತ್ತೇವೆ.

ಇತಿ,
ನಿನ್ನ ದೊಡ್ಡಪ್ಪ